ಐದನೆಯವರಿಗೂ ಒಂದು ಹಾಸಿಗೆ

ದಸರಾ ರಜೆ ಹತ್ತಿರ ಬಂತೆಂದರೆ ಸಾಕು, ಮಕ್ಕಳಿರುವ ಮನೆಗಳಲ್ಲಿ ಒಂದೇ ಪ್ರಶ್ನೆ: "ಈ ಸರ್ತಿ ಎಲ್ಲಿಗೆ ಕರಕೊಂಡು ಹೋಗ್ತೀರಿ?" ಶಾಲೆಯಲ್ಲಿ ಯಾವಳೋ ಗೆಳತಿ ವಂಡರ್‌ಲಾ ನೋಡಿ ಬಂದಿರುತ್ತಾಳೆ. ನೀರಿನ ಜಾರುಬಂಡೆ, ಗಾಳಿಯಲ್ಲಿ ತಿರುಗುವ ತೊಟ್ಟಿಲು ಎಂದು ವರ್ಣಿಸಿರುತ್ತಾಳೆ. ಆ ವರ್ಣನೆ ನಮ್ಮ ಮನೆಗೂ ಬರುತ್ತದೆ, ಅಡುಗೆಮನೆಯವರೆಗೂ ಬರುತ್ತದೆ. ಅಲ್ಲಿಂದ ಮುಂದಿನ ಚಿಂತೆ ಗೃಹಿಣಿಯದು.

ಪ್ರವಾಸವೆಂದರೆ ಗಂಡಸರು ಮೊದಲು ಗಾಡಿಯ ಲೆಕ್ಕ ಹಾಕುತ್ತಾರೆ. ಮಕ್ಕಳು ನೋಡುವ ಜಾಗದ ಲೆಕ್ಕ ಹಾಕುತ್ತಾರೆ. ರಾತ್ರಿ ಎಲ್ಲಿ ಮಲಗುವುದು, ಬೆಳಿಗ್ಗೆ ಬಿಸಿನೀರು ಎಲ್ಲಿ ಸಿಗುವುದು ಎಂಬ ಲೆಕ್ಕ ಮಾತ್ರ ನಮ್ಮ ಪಾಲಿಗೆ ಉಳಿದಿರುತ್ತದೆ. ನನ್ನನ್ನು ಕೇಳಿದರೆ, ಇಡೀ ಪ್ರವಾಸದ ಸುಖದುಃಖ ನಿಂತಿರುವುದೇ ಈ ವಸತಿಯ ಮೇಲೆ. ಅದರಲ್ಲೂ ಮನೆಯಲ್ಲಿ ಐದು ಮಂದಿ ಇದ್ದರಂತೂ ಕೇಳುವುದೇ ಬೇಡ!

ಯಾಕೆನ್ನುತ್ತೀರಾ? ಈಗಿನ ಲೋಕವೆಲ್ಲ ನಾಲ್ಕರ ಮಗ್ಗಿಯಲ್ಲಿ ನಡೆದಿದೆ. ನಾವು ಸಣ್ಣವರಿದ್ದಾಗ ಗೋಡೆಗೋಡೆಯ ಮೇಲೆ ಕೆಂಪು ತ್ರಿಕೋನ ಬರೆದು "ನಾವಿಬ್ಬರು ನಮಗಿಬ್ಬರು" ಎಂದು ಸಾರುತ್ತಿದ್ದರು. ಆ ಚಿತ್ರದಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಅಜ್ಜಿಗೆ ಅದರಲ್ಲಿ ಜಾಗವಿರಲಿಲ್ಲ. ಹೋಟೆಲಿನವರೂ ಅದೇ ಚಿತ್ರ ನೋಡಿ ಕೋಣೆ ಕಟ್ಟಿಸಿದಂತೆ ಕಾಣುತ್ತದೆ. ಡಬಲ್ ರೂಮು ಎಂದರೆ ಇಬ್ಬರಿಗೆ; ಬೇಡಿಕೊಂಡರೆ ಮೂರನೆಯವರಿಗೆ ಒಂದು ಗಾದಿ. ಫ್ಯಾಮಿಲಿ ರೂಮು ಎಂದರೆ ನಾಲ್ವರಿಗೆ. ಐದನೆಯವರು ಎಲ್ಲಿಯೂ ಹಿಡಿಸುವುದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಈ ಐದನೆಯವರು ಯಾರು? ಬಹುಮಟ್ಟಿಗೆ ಅತ್ತೆ. ಕೆಲವು ಮನೆಗಳಲ್ಲಿ ಮಾವ, ಇಲ್ಲವೇ ತಾಯಿ.

ಬಸ್ಸು ಮಾತ್ರ ಹೀಗೆ ಭೇದ ಮಾಡುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಸಾದಾ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ನಮಗೆ ಟಿಕೆಟ್ಟಿನ ಹಣವಿಲ್ಲ. ರಾಜಹಂಸದಂಥ ಐಷಾರಾಮಿ ಬಸ್ಸಿಗೆ ಇದು ನಡೆಯದು, ಆಧಾರ್ ಕಾರ್ಡು ಕೈಯಲ್ಲಿರಬೇಕು, ಅಷ್ಟೇ. ನಮ್ಮ ಮನೆಯಲ್ಲಿ ಅತ್ತೆ, ನಾನು, ಮಗಳು ಮೂವರು ಹೆಂಗಸರು. ಒಂಬತ್ತು ವರ್ಷದ ಮಗನಿಗೆ ಅರ್ಧ ಟಿಕೆಟ್ಟು. ಹೀಗೆ ಐದು ಮಂದಿ ಒಂದೂವರೆ ಟಿಕೆಟ್ಟಿನಲ್ಲಿ ಹೋಗಿ ಬರಬಹುದು! ಬಸ್ಸಿನಲ್ಲಿ ಅಜ್ಜಿ ಭಾರವಲ್ಲ. ಬಸ್ಸಿಳಿದು ಲಾಡ್ಜಿನ ಮೆಟ್ಟಿಲು ಹತ್ತಿದಾಗಲೇ ಅಜ್ಜಿ "ಎಕ್ಸ್‌ಟ್ರಾ" ಆಗುವುದು.

ಮುಧೋಳದಲ್ಲಿರುವ ನನ್ನ ತಂಗಿಯ ಮನೆಯಲ್ಲೂ ಐದು ಮಂದಿ. ಹೋದ ವರ್ಷ ಅವರು ಬೆಂಗಳೂರಿನ ಕಡೆ ಹೋಗಿದ್ದರು. ಮೊಬೈಲಿನಲ್ಲಿ ಕಂಡ ಬಾಡಿಗೆಗೆ ಒಂದು ಹೋಟೆಲಿನಲ್ಲಿ ಕೋಣೆ ಹಿಡಿದಿದ್ದರಂತೆ. ಐದು ಮಂದಿ ಎಂದು ಅದರಲ್ಲಿ ಬರೆದೂ ಇದ್ದರು. ರಾತ್ರಿ ಹನ್ನೊಂದಕ್ಕೆ ಬಾಗಿಲಿಗೆ ಹೋದರೆ, ಕೌಂಟರಿನಲ್ಲಿದ್ದವನು ತಲೆ ಎಣಿಸಿ, "ಒಂದು ರೂಮಿಗೆ ನಾಲ್ಕೇ ಮಂದಿ, ಇನ್ನೊಂದು ರೂಮು ತೊಗೋರಿ" ಎಂದನಂತೆ. ಆ ಹೊತ್ತಿನಲ್ಲಿ ಎಲ್ಲಿಗೆ ಹೋಗುವುದು? ಕೇಳಿದಷ್ಟು ಕೊಟ್ಟರು. ಹಣಕ್ಕಿಂತ ತಂಗಿಗೆ ನೋವಾದದ್ದು ಬೇರೆ. ಅವಳ ಅತ್ತೆ ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಊರಿಗೆ ಬಂದ ಮೇಲೆ, "ಇನ್ನ ಮ್ಯಾಲೆ ನಾ ಎಲ್ಲಿಗೂ ಬರೂದಿಲ್ಲ" ಎಂದುಬಿಟ್ಟರು.

ಈ ವರ್ಷ ನಮ್ಮ ಮನೆಯಲ್ಲಿ ಮಾತು ಬಂದಾಗ ನಾನು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡೆ. ವಂಡರ್‌ಲಾ ಇರುವುದು ಬಿಡದಿಯ ಹತ್ತಿರ, 2005ರಲ್ಲಿ ತೆರೆದದ್ದು. ಆವರಣದಲ್ಲೇ ಅವರದೇ ರೆಸಾರ್ಟು ಕೂಡ ಇದೆ. ಆದರೆ ನಮ್ಮ ಬನಹಟ್ಟಿಯಿಂದ ಅದು ಐನೂರು ಕಿಲೋಮೀಟರಿನಾಚೆ. ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ, ನಡುವೆ ವಸತಿ. ಆಟಕ್ಕೇರದೆ ಬೆಂಚಿನ ಮೇಲೆ ಕೂಡುವ ಅಜ್ಜಿಗೂ ಒಳಗೆ ಹೋಗಲು ಟಿಕೆಟ್ಟು ಬೇಕು. ಅಷ್ಟು ದಿನ ಮಗ್ಗ ನಿಲ್ಲಿಸಿದರೆ ಆ ನಷ್ಟ ಬೇರೆ. ಮಗ್ಗದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಆಲಮಟ್ಟಿ ಎಂದು ನಿಶ್ಚಯಿಸಿದೆವು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟು. ಈಗ ಅವರದೇ ಹೆಸರು ಹೊತ್ತಿದೆ. ಇಪ್ಪತ್ತಾರು ಗೇಟುಗಳು. ಅದರ ಆಸುಪಾಸಿನಲ್ಲಿ ರಾಕ್ ಗಾರ್ಡನ್, ಕೃಷ್ಣಾ ಉದ್ಯಾನ, ಮೊಘಲ್ ಉದ್ಯಾನ ಎಂದು ಒಂದಾದ ಮೇಲೊಂದು ತೋಟ. ಪ್ರಾಣಿಗಳ, ಹಳ್ಳಿಯ ಜನರ ಗೊಂಬೆಗಳಿವೆ; ಕತ್ತಲಾದ ಮೇಲೆ ಹಾಡಿಗೆ ತಕ್ಕಂತೆ ಕುಣಿಯುವ ಬಣ್ಣದ ಕಾರಂಜಿ ಇದೆ. ಮಕ್ಕಳು ಮೊದಲು ಮುಖ ಸಿಂಡರಿಸಿದರೂ ಕಾರಂಜಿ ಎಂದ ಕೂಡಲೇ ಒಪ್ಪಿದರು.

ಆದರೆ ವಸತಿಯ ಪ್ರಶ್ನೆ ಹುಟ್ಟುವುದೇ ಈ ಕಾರಂಜಿಯಿಂದ! ಅದು ಮುಗಿಯುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ನಿದ್ದೆಗಣ್ಣಿನ ಮಕ್ಕಳನ್ನೂ ಮೊಣಕಾಲು ನೋವಿನ ಅತ್ತೆಯನ್ನೂ ಕರೆದುಕೊಂಡು ಕತ್ತಲಲ್ಲಿ ಬಸ್ಸಿಗೆ ಕಾಯುವುದು ಆಗದ ಮಾತು. ಒಂದು ರಾತ್ರಿ ಉಳಿಯಲೇಬೇಕು.

ಎಲ್ಲಿ ಉಳಿಯುವುದು? ಒಂದೊಂದಾಗಿ ನೋಡಿದೆ. ಬಾಗಲಕೋಟೆಯ ನವನಗರದಲ್ಲಿ ನೆಂಟರಿದ್ದಾರೆ, ಖರ್ಚಿಲ್ಲ. ಆದರೆ ಐದು ಮಂದಿ ಒಮ್ಮೆಲೇ ಹೋಗಿ ಇಳಿದರೆ ಆ ಮನೆಯಾಕೆಗೆ ರಜೆ ಎಲ್ಲಿ ಬಂತು? ಅವಳೂ ನನ್ನ ಹಾಗೆ ಗೃಹಿಣಿ ತಾನೇ! ಕೂಡಲಸಂಗಮದಲ್ಲಿ ಯಾತ್ರಿಕರಿಗೆ ವಸತಿಯುಂಟು, ದಾಸೋಹವೂ ಉಂಟು. ಕ್ಷೇತ್ರ ದರ್ಶನಕ್ಕೆಂದೇ ಹೊರಟವರಿಗೆ ಅದೇ ಸರಿ. ಕಾರಂಜಿ ನೋಡಿ ರಾತ್ರಿ ಅಲ್ಲಿಗೆ ಹೋಗುವುದೆಂದರೆ ಸ್ವಂತ ಗಾಡಿ ಬೇಕು. ಆಲಮಟ್ಟಿಯಲ್ಲೇ ಪ್ರವಾಸೋದ್ಯಮ ನಿಗಮದ ಮಯೂರ ಕೃಷ್ಣಾ ಹೋಟೆಲಿದೆ. ಹೆದ್ದಾರಿಯ ಮೇಲೆ ನಿಡಗುಂದಿಯಲ್ಲಿ ಖಾಸಗಿ ಲಾಡ್ಜುಗಳಿವೆ. ಸರಕಾರಿ ಪ್ರವಾಸಿ ಮಂದಿರಗಳು ಅಗ್ಗ ನಿಜ, ಆದರೆ ಸಾಹೇಬರು ಬಂದರೆ ನಮ್ಮ ಗಂಟು ಹೊರಗೆ. ನಾಲ್ಕು ದಿಕ್ಕು ಅಳೆದು, ತೋಟಕ್ಕೆ ಹತ್ತಿರವಿರುವ ಸಾದಾ ವಸತಿಯೇ ಆಗಬೇಕೆಂದು ಗಟ್ಟಿ ಮಾಡಿದೆ. ದೂರದ ಅಗ್ಗದ ಕೋಣೆಯ ಉಳಿತಾಯವನ್ನು ರಾತ್ರಿಯ ಬಾಡಿಗೆ ಗಾಡಿ ನುಂಗಿಬಿಡುತ್ತದೆ.

ಇಷ್ಟಾಗುವಾಗ ಅತ್ತೆಯವರು ಒಳಗಿಂದ, "ನಾ ಎಲ್ಲಿ ಬರ್ಲಿ ಯವ್ವಾ, ನೀವು ನಾಲ್ಕು ಮಂದಿ ಹೋಗಿ ಬರ್ರಿ. ಮನಿ ಕಾಯಾಕ ಒಬ್ಬರು ಬೇಕಲ್ಲ?" ಎಂದರು. ಇವರೂ, "ಅವ್ವಗ ಓಡಾಡೂದು ಆಗೂದಿಲ್ಲ, ಬಿಡು. ಒಂದು ರೂಮಿನ್ಯಾಗ ಕೆಲಸ ಆಗತೈತಿ" ಎಂದರು. ಲೆಕ್ಕ ನಾಲ್ಕಕ್ಕೆ ಇಳಿದರೆ ಎಲ್ಲವೂ ಸಲೀಸು, ನೋಡಿ!

ನನಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಅತ್ತೆಯ ತವರು ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಊರು. ಆಲಮಟ್ಟಿಯ ನೀರು ಹಿಂದೆ ಸರಿದು ಸರಿದು ಆ ಊರನ್ನು ತೆಗೆದುಕೊಂಡಿತು. ಬಾಗಲಕೋಟೆ ಪೇಟೆಯ ತಗ್ಗಿನ ಓಣಿಗಳೇ ಮುಳುಗಿದ ಮೇಲೆ ಹಳ್ಳಿಗಳ ಮಾತೇನು? ಅಣೆಕಟ್ಟಿನಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸಬಹುದೆಂದು 2000ದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆ ಅಂಕಿ ನಮಗೆ ಪತ್ರಿಕೆಯ ಸುದ್ದಿ; ಅತ್ತೆಗೆ ಹುಟ್ಟಿದ ಮನೆಯ ಹೊಸ್ತಿಲು. ಅವರ ಅಣ್ಣನ ಮನೆ ಈಗ ಪುನರ್ವಸತಿ ಕೇಂದ್ರದಲ್ಲಿದೆ. ತವರನ್ನು ನುಂಗಿದ ಆ ಅಣೆಕಟ್ಟನ್ನು ಅವರು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಅವರನ್ನು ಮನೆ ಕಾಯಲು ಬಿಟ್ಟು ನಾವು ನಾಲ್ವರು ಅದರ ಮುಂದೆ ಕಾರಂಜಿ ನೋಡುವುದೇ?

ರಾತ್ರಿ ಬಟ್ಟೆ ಮಡಚುವಾಗ ಮೆಲ್ಲಗೆ ಕೇಳಿದೆ. ಬರಲು ಮನಸ್ಸಿಲ್ಲದ್ದಲ್ಲ, ಹೆದರಿಕೆ. ಮಹಡಿ ಮೆಟ್ಟಿಲು ಹತ್ತಲಾಗದು. ರಾತ್ರಿ ಎರಡು ಸಲ ಏಳಬೇಕು, ಮಗ ಮಲಗಿದ ಕೋಣೆಯಲ್ಲಿ ಸಂಕೋಚ. ತನ್ನಿಂದ ಖರ್ಚು ಹೆಚ್ಚಾದೀತೆಂಬ ಅಳುಕು. ಇವು ಮೂರೂ ವಸತಿಯ ಮಾತುಗಳೇ ಅಲ್ಲವೇ? ವಸತಿ ಸರಿಯಾಗಿ ಆರಿಸಿದರೆ ಮೂರಕ್ಕೂ ಮದ್ದುಂಟು.

ಮರುದಿನ ಕಾಗದ ಪೆನ್ಸಿಲು ಹಿಡಿದು ಕುಳಿತೆ. ಲೆಕ್ಕ ತಿಳಿಯಲೆಂದು ಡಬಲ್ ರೂಮಿಗೆ 1,200 ರೂಪಾಯಿ ಎಂದು ಹಿಡಿಯೋಣ. ಎರಡು ರೂಮಿಗೆ 2,400. ನಾಲ್ವರ ಫ್ಯಾಮಿಲಿ ರೂಮು 1,900, ಹೆಚ್ಚಿನ ಗಾದಿಗೆ 300, ಒಟ್ಟು 2,200. ತೆರಿಗೆಯನ್ನು ಮರೆಯಬಾರದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇಕಡಾ 5. ಅದಕ್ಕೆ ಮೊದಲು ಶೇಕಡಾ 12 ಇತ್ತು. ಅಲ್ಲಿಗೆ ಎರಡು ರೂಮಿಗೆ 2,520, ಒಂದೇ ರೂಮಿಗೆ 2,310. ವ್ಯತ್ಯಾಸ 210 ರೂಪಾಯಿ. ಅಷ್ಟಕ್ಕೆ ಸಿಗುವುದೇನು? ಇನ್ನೊಂದು ಬಚ್ಚಲು! ಬೆಳಿಗ್ಗೆ ಐದು ಮಂದಿ ಒಂದು ಬಚ್ಚಲಿನ ಮುಂದೆ ಸಾಲು ನಿಂತ ಯಾವ ಗೃಹಿಣಿಗೂ ಈ ಬೆಲೆ ಹೆಚ್ಚೆನಿಸದು. ಒಂದು ರೂಮಿನಲ್ಲಿ ಅತ್ತೆ, ಮಗಳು, ನಾನು. ಇನ್ನೊಂದರಲ್ಲಿ ಅಪ್ಪ ಮಗ. ಮೂವರ ರೂಮಿಗೆ ಒಂದು ಗಾದಿ ಕೇಳಿ ಪಡೆದರಾಯಿತು. ಅದಕ್ಕೆ ದರ ಹಚ್ಚಿದರೂ ಮೊದಲೇ ಗೊತ್ತಿರಲಿ.

ಲೆಕ್ಕ ತೋರಿಸಿದಾಗ ಇವರು ಎರಡು ಸಲ ಕೂಡಿಸಿ ನೋಡಿ, "ಆತು, ಅವ್ವನೂ ಬರಲಿ" ಎಂದರು.

ಆಮೇಲೆ ಫೋನು. ನಾನು ಕೇಳಿದ ಪ್ರಶ್ನೆಗಳನ್ನು ನೀವೂ ಬರೆದಿಟ್ಟುಕೊಳ್ಳಿ, ಸೋದರಿಯರೇ. ಕೆಳಗಿನ ಅಂತಸ್ತಿನಲ್ಲಿ ಕೋಣೆ ಇದೆಯೇ? ಎರಡೂ ಕೋಣೆ ಅಕ್ಕಪಕ್ಕ ಕೊಡುತ್ತೀರಾ? ಕಮೋಡ್ ಇದೆಯೇ? (ಮೊಣಕಾಲು ನೋವಿನವರಿಗೆ ಇದು ಮುಖ್ಯ, ನಾಚಿಕೆ ಬೇಡ.) ಬಿಸಿನೀರು ಎಷ್ಟರಿಂದ ಎಷ್ಟರವರೆಗೆ? ಹೇಳಿದ ಬಾಡಿಗೆ ತೆರಿಗೆ ಸೇರಿಯೋ, ಬಿಟ್ಟೋ? ಗಾದಿಗೆ ಬೇರೆ ದುಡ್ಡೇ? ಹಿಡಿದ ಹೊತ್ತಿನಿಂದ 24 ತಾಸೋ, ಮಧ್ಯಾಹ್ನ ಹನ್ನೆರಡಕ್ಕೆ ಖಾಲಿ ಮಾಡಬೇಕೋ? ಮನೆಯ ಬುತ್ತಿ ಕೋಣೆಯಲ್ಲಿ ಉಣ್ಣಲು ಅಡ್ಡಿಯಿಲ್ಲವೇ? ಕಾರಂಜಿ ಆ ದಿನ ನಡೆಯುತ್ತದೆಯೇ ಎಂಬುದನ್ನೂ ಜೊತೆಗೇ ವಿಚಾರಿಸಿ. ರಿಪೇರಿ ಇದ್ದರೆ ಅಷ್ಟು ದೂರ ಹೋದದ್ದು ವ್ಯರ್ಥ. ಮಾತಾದ ಮೇಲೆ ಮಂದಿಯ ಸಂಖ್ಯೆ ಮತ್ತು ಒಟ್ಟು ಹಣವನ್ನು ಮೊಬೈಲಿನಲ್ಲಿ ಬರೆದು ಕಳಿಸಲು ಹೇಳಿ. ಬರಹದಲ್ಲಿದ್ದರೆ ಬಾಗಿಲಲ್ಲಿ ತಲೆ ಎಣಿಸುವವರಿಲ್ಲ. ದೊಡ್ಡವರೆಲ್ಲರ ಗುರುತಿನ ಚೀಟಿ ಜೊತೆಗಿರಲಿ.

ಇಬ್ಬರು ಫೋನಿನಲ್ಲಿ ಬೇಸರದಿಂದ "ಬರ್ರಿ, ನೋಡೂಣು" ಎಂದರು, ಅವರನ್ನು ಬಿಟ್ಟೆ. ಮೂರನೆಯವರು ಎಲ್ಲಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟು, "ಅಜ್ಜಿಗೆ ಕೆಳಗಿನ ರೂಮನ್ನ ಇಡ್ತೀವಿ" ಎಂದರು. ಅಲ್ಲೇ ಗೊತ್ತು ಮಾಡಿದೆವು.

ಬುತ್ತಿಗೆ ಹಾಲಿನಲ್ಲಿ ಕಲಸಿದ ದಶಮಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಸ್ವಲ್ಪ ಮಾದಲಿ. ದಶಮಿ ಎರಡು ದಿನ ಮೆತ್ತಗೇ ಇರುತ್ತದೆ. ಮೊಸರು ಅಲ್ಲೇ ಕೊಂಡರೆ ಒಂದು ಹೊತ್ತಿನ ಹೋಟೆಲೂಟ ಉಳಿಯುತ್ತದೆ. ಐದು ಮಂದಿಯ ಒಂದು ಹೊತ್ತಿನ ಊಟದ ಖರ್ಚು, ಲೆಕ್ಕ ಹಾಕಿ ನೋಡಿ, ಆ 210 ರೂಪಾಯಿಯನ್ನು ಮೀರುತ್ತದೆ.

ಜಮಖಂಡಿ, ಬೀಳಗಿ ದಾಟಿ ಬಾಗಲಕೋಟೆಯ ದಾರಿ. ಅನಗವಾಡಿ ಸೇತುವೆಯ ಮೇಲೆ ಬಸ್ಸು ಬಂದಾಗ ಎರಡೂ ಬದಿಗೆ ನೀರೇ ನೀರು. ಅತ್ತೆ ಕಿಟಕಿಯತ್ತ ತಿರುಗಿ ಮಗಳಿಗೆ, "ನೋಡು, ಈ ನೀರು ಹಿಂಗ ನಮ್ಮ ಊರಿಗೂ ಹೋಗೇತಿ" ಎಂದರು. ಸಂಜೆ ಮಕ್ಕಳು ಕಾರಂಜಿಗೆ ಚಪ್ಪಾಳೆ ತಟ್ಟುತ್ತಿದ್ದರೆ ಅವರು ಬೆಂಚಿನ ಮೇಲೆ ಸುಮ್ಮನೆ ಕುಳಿತಿದ್ದರು. ರಾತ್ರಿ ಕೋಣೆಯಲ್ಲಿ ದೀಪ ಆರಿಸಿದ ಮೇಲೆ ಮೊಮ್ಮಗಳಿಗೆ ಹೇಳುತ್ತ ಹೋದರು: ಹಿತ್ತಲಿನ ಬೇವಿನ ಗಿಡ, ಹೊಳೆಗೆ ಇಳಿಯುವ ಮೆಟ್ಟಿಲು, ಹನುಮಪ್ಪನ ಗುಡಿಯ ಮುಂದೆ ಆಡಿದ ಆಟ. ಹದಿಮೂರು ವರ್ಷದ ಹುಡುಗಿ ಮೊಬೈಲು ಬದಿಗಿಟ್ಟು ಕೇಳಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನೂ ಇದನ್ನೆಲ್ಲ ಕೇಳಿರಲಿಲ್ಲ. ಹೆಂಗಸರೇ ಮೂವರು ಒಂದು ಕೋಣೆಯಲ್ಲಿ ಇದ್ದದ್ದರಿಂದ ಆ ಮಾತು ಹೊರಬಂತು.

ಮಕ್ಕಳು ವಂಡರ್‌ಲಾವನ್ನು ಮರೆತಿಲ್ಲ. ಮುಂದೊಂದು ವರ್ಷ ಅದೂ ಆಗಲಿ. ಆಗಲೂ ನನ್ನ ಪಟ್ಟಿ ಇದೇ. ನೀವು ಎಲ್ಲಿಗೇ ಹೊರಡಿ, ವಸತಿಗೆ ಫೋನು ಮಾಡಿದಾಗ ಬಾಡಿಗೆ ಕೇಳುವುದಕ್ಕೆ ಮೊದಲು, "ನಾವು ಐದು ಮಂದಿ, ಒಬ್ಬರಿಗೆ ವಯಸ್ಸಾಗಿದೆ" ಎಂದು ಹೇಳಿ ಸುಮ್ಮನಿರಿ. ಅವರು ಕೊಡುವ ಉತ್ತರ ಕೇಳಿಯೇ ಅಲ್ಲಿ ಇಳಿಯಬೇಕೋ ಬೇಡವೋ ಎಂಬುದು ತಿಳಿದುಬಿಡುತ್ತದೆ.