ಯಾರ ಹೆಜ್ಜೆಗೆ ತಕ್ಕ ಪಯಣ?

ಮನುಷ್ಯನ ಗುಣವನ್ನು ಅವನ ದುಡಿಮೆಯಲ್ಲಿ ಕಾಣಬಹುದೆಂದು ಹಿರಿಯರು ಹೇಳುತ್ತಾರೆ. ಅವನ ವಿರಾಮದಲ್ಲಿ ಅದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಇಷ್ಟು ವರ್ಷಗಳ ಗುರುಸೇವೆಯಲ್ಲಿ ನಾನು ಕಂಡುಕೊಂಡ ಮಾತು. ದುಡಿಮೆಗೆ ಯಜಮಾನನಿದ್ದಾನೆ, ಗೊತ್ತಾದ ವೇಳೆಯಿದೆ, ಸಂಬಳವಿದೆ. ವಿರಾಮಕ್ಕೆ ಇವಾವುವೂ ಇಲ್ಲ. ಅಲ್ಲಿ ಯಾರನ್ನು ಜೊತೆಗೆ ಕರೆದೊಯ್ಯುತ್ತೇವೆ, ಯಾರನ್ನು ಬಿಟ್ಟುಹೋಗುತ್ತೇವೆ, ಯಾವುದಕ್ಕೆ ಮೊದಲು ಸಮಯ ಕೊಡುತ್ತೇವೆ ಎಂಬುದೆಲ್ಲ ನಮ್ಮದೇ ಆಯ್ಕೆ. ಆದುದರಿಂದ ಒಂದು ಕುಟುಂಬದ ಪ್ರವಾಸದ ಯೋಜನೆಯನ್ನು ಓದಿದರೆ ಆ ಕುಟುಂಬದ ಹೃದಯವನ್ನೇ ಓದಿದಂತಾಗುತ್ತದೆ.

ನಮ್ಮ ಹಿಂದಿನ ತಲೆಮಾರಿಗೆ ಪ್ರವಾಸವೆಂದರೆ ವೇಳಾಂಗಣ್ಣಿ ಯಾತ್ರೆ. ಬಾಡಿಗೆಯ ಬಸ್ಸು, ಪುಳಿಯೋಗರೆಯ ಬುತ್ತಿ, ಕಿಟಕಿಯ ಪಕ್ಕದಲ್ಲಿ ಅಜ್ಜಿ, ಅಜ್ಜಿಯ ಮಡಿಲಲ್ಲಿ ಮಗು. ಬಸ್ಸು ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ನಿರ್ಧರಿಸುತ್ತಿದ್ದವರು ಹೊಟ್ಟೆ ತೊಳೆಸಿಕೊಂಡ ಮಗುವೂ ಕಾಲು ಮರಗಟ್ಟಿದ ಮುದುಕಿಯೂ. ಇಂದು ಕಾಲ ಬದಲಾಗಿದೆ. ಮಕ್ಕಳು ಕಡಲಾಚೆ ನೆಲೆಸಿದ್ದಾರೆ, ರಜೆಯ ದಿನಗಳೂ ಅವರನ್ನು ಅರಸಿ ಕಡಲಾಚೆಗೆ ಹೊರಟಿವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಬಸ್ಸನ್ನು ನಿಲ್ಲಿಸುವ ಅಧಿಕಾರ ಈಗ ಯಾರ ಕೈಯಲ್ಲಿದೆ ಎಂಬುದನ್ನು ನಾವು ಕೇಳಿಕೊಳ್ಳಬೇಕಾಗಿದೆ.

ಕೆಲವು ತಿಂಗಳುಗಳ ಹಿಂದೆ ನಮ್ಮ ಧರ್ಮಕೇಂದ್ರದ ದಂಪತಿಗಳಿಬ್ಬರು ಗುರುನಿವಾಸಕ್ಕೆ ಬಂದು, ಅಚ್ಚುಮಾಡಿದ ಮೂರು ಹಾಳೆಗಳನ್ನು ನನ್ನ ಮುಂದಿಟ್ಟರು. ಪತಿಯ ಅಕ್ಕ ಅಮೆರಿಕದ ಅಟ್ಲಾಂಟಾ ನಗರದಲ್ಲಿದ್ದಾರೆ. ತಾಯಿ, ತಮ್ಮ, ತಮ್ಮನ ಹೆಂಡತಿ, ಮಕ್ಕಳು ಎಲ್ಲರೂ ಒಮ್ಮೆ ಬರಬೇಕು, ಎಲ್ಲರೂ ಕೂಡಿ ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ನೋಡಬೇಕು ಎಂಬುದು ಆಕೆಯ ಬಹುದಿನದ ಆಸೆ. 2013ರ ಬೇಸಿಗೆಯಲ್ಲಿ ಫ್ಲೋರಿಡಾದ ಧರ್ಮಕೇಂದ್ರವೊಂದರಲ್ಲಿ ಆರು ವಾರ ಸೇವೆ ಸಲ್ಲಿಸುವ ಅವಕಾಶ ನನಗೆ ದೊರೆತಿತ್ತು. ಅದನ್ನು ನೆನಪಿಟ್ಟುಕೊಂಡಿದ್ದ ಆತ, "ಫಾದರ್, ನೀವು ಆ ಕಡೆ ಇದ್ದು ಬಂದವರು. ಇದನ್ನೊಮ್ಮೆ ನೋಡಿ ಹೇಳಿ" ಎಂದರು.

ಆ ಸ್ಥಳದ ಹೆಸರು ಕೇಳಿದವರು ಅದೊಂದು ದೊಡ್ಡ ಉದ್ಯಾನವಿರಬೇಕೆಂದು ಭಾವಿಸುವುದುಂಟು. ಸುಮಾರು 25,000 ಎಕರೆ, ಅಂದರೆ ನೂರು ಚದರ ಕಿಲೋಮೀಟರಿನಷ್ಟು ಹರಡಿಕೊಂಡಿರುವ ಆ ಪ್ರದೇಶದಲ್ಲಿ ಪ್ರತ್ಯೇಕವಾದ ನಾಲ್ಕು ಉದ್ಯಾನಗಳಿವೆ. 1971ರಲ್ಲಿ ಮ್ಯಾಜಿಕ್ ಕಿಂಗ್‌ಡಮ್, 1982ರಲ್ಲಿ ಎಪ್ಕಾಟ್, 1989ರಲ್ಲಿ ಈಗ ಹಾಲಿವುಡ್ ಸ್ಟುಡಿಯೋಸ್ ಎನಿಸಿಕೊಂಡಿರುವುದು, 1998ರಲ್ಲಿ ಅನಿಮಲ್ ಕಿಂಗ್‌ಡಮ್ ತೆರೆದವು. ಒಂದೊಂದನ್ನು ನೋಡಲೂ ಒಂದು ಪೂರ್ಣ ದಿನ ಸಾಲದು. ದಿನಕ್ಕೆ ಹತ್ತು ಹದಿನೈದು ಕಿಲೋಮೀಟರ್ ನಡೆಯುವುದು ಅಲ್ಲಿ ಸಾಮಾನ್ಯ. ದಂಪತಿಗಳ ಹಾಳೆಯಲ್ಲಿ ನಾಲ್ಕು ದಿನಕ್ಕೆ ನಾಲ್ಕು ಉದ್ಯಾನಗಳಿದ್ದವು. ಬೆಳಿಗ್ಗೆ ಆರಕ್ಕೆ ಏಳುವುದು, ರಾತ್ರಿ ಹನ್ನೊಂದಕ್ಕೆ ಮರಳುವುದು. ನಡುವೆ ಅರ್ಧ ಗಂಟೆಯೂ ಬಿಡುವಿಲ್ಲ. ಒಂದೊಂದು ದಿನದ ಕೊನೆಯಲ್ಲಿಯೂ ಒಂದೇ ಸಾಲು: "ಅಮ್ಮ: ಕೊಠಡಿಯಲ್ಲಿ ವಿಶ್ರಾಂತಿ." ಭಾನುವಾರದ ಎದುರಿಗೆ "ಪ್ರಯಾಣ" ಎಂಬ ಒಂದೇ ಪದವಿತ್ತು.

ತಾಯಿಗೆ ಎಪ್ಪತ್ತೆಂಟು ವರ್ಷ. ಮಂಡಿನೋವು. ಮಾರನೆಯ ದಿನ ಬಲಿಪೂಜೆ ಮುಗಿದ ಮೇಲೆ ಅವರನ್ನೇ ಮಾತನಾಡಿಸಿದೆ. "ಸ್ತೋತ್ರ ಸ್ವಾಮಿ. ಮಕ್ಕಳು ಸಂತೋಷವಾಗಿ ನೋಡಿಕೊಂಡು ಬರಲಿ. ನನ್ನಿಂದ ಅವರಿಗೆ ತೊಂದರೆ ಆಗಬಾರದು. ಕೈಯಲ್ಲಿ ಜಪಸರ ಇದ್ದರೆ ನನಗೆ ದಿನ ಕಳೆಯುತ್ತದೆ" ಎಂದರು. ನಮ್ಮ ತಾಯಂದಿರು ಹೀಗೆಯೇ ಹೇಳುತ್ತಾರೆ. ಅವರು ಹೇಳಿದರೆಂದು ನಾವು ಒಪ್ಪಿಕೊಂಡುಬಿಟ್ಟರೆ, ಹತ್ತು ಸಾವಿರ ಮೈಲಿ ದಾಟಿ ಹೋದ ಮೇಲೂ ಆಕೆಯ ಪಾಲಿಗೆ ಉಳಿಯುವುದು ನಾಲ್ಕು ಗೋಡೆ, ಅರ್ಥವಾಗದ ಭಾಷೆಯ ಟೀವಿ ಮತ್ತು ಬಾಗಿಲ ಕಡೆಗೆ ನೋಡುತ್ತಾ ಕುಳಿತ ಸಂಜೆ.

ಇಂಥ ಆಟಪಾಟಗಳಿಗಾಗಿ ಕ್ರೈಸ್ತ ಕುಟುಂಬವು ಹಣ ವ್ಯಯ ಮಾಡುವುದೇ ಸರಿಯಲ್ಲವೆಂದು ಕೆಲವರು ವಾದಿಸಬಹುದು. ಧರ್ಮಸಭೆಯ ಪರಂಪರೆ ಅಷ್ಟು ಕಠೋರವಾದುದಲ್ಲ. ಹದಿಮೂರನೆಯ ಶತಮಾನದ ಮಹಾಪಂಡಿತ, ಅಕ್ವಿನೊದ ಸಂತ ತೋಮಸರು ತಮ್ಮ ದೈವಶಾಸ್ತ್ರದ ಬೃಹದ್ಗ್ರಂಥದಲ್ಲಿ ಆಟವಿನೋದಗಳಲ್ಲಿ ಸದ್ಗುಣವಿರಬಹುದೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ಇರಬಹುದೆಂದೇ ಉತ್ತರಿಸುತ್ತಾರೆ. ಶುಭಸಂದೇಶಕರ್ತ ಸಂತ ಯೊವಾನ್ನರು ಶಿಷ್ಯರೊಡನೆ ಆಡುತ್ತಿದ್ದುದನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಅವರಲ್ಲಿ ಬಿಲ್ಲು ಹಿಡಿದಿದ್ದವನೊಬ್ಬನಿಗೆ ಒಂದೇ ಸಮನೆ ಬಾಣ ಬಿಡುತ್ತಿರಬಲ್ಲೆಯಾ ಎಂದು ಯೊವಾನ್ನರು ಕೇಳಿದರು. ಸದಾ ಬಗ್ಗಿಸಿದ ಬಿಲ್ಲು ಮುರಿದುಹೋಗುತ್ತದೆ ಎಂದು ಅವನು ಉತ್ತರಿಸಿದಾಗ, ಮನುಷ್ಯನ ಮನಸ್ಸೂ ಹಾಗೆಯೇ ಎಂದರಂತೆ. ಈ ಹಳೆಯ ಕಥೆಯನ್ನು ಸಂತ ತೋಮಸರೇ ಅಲ್ಲಿ ನೆನೆಯುತ್ತಾರೆ. ಬಿಲ್ಲನ್ನು ಸಡಿಲಿಸಲೆಂದೇ ರಜೆ. ಮೂರು ಹಾಳೆಗಳ ಆ ಯೋಜನೆಯಾದರೋ ಬಿಲ್ಲನ್ನು ಇನ್ನಷ್ಟು ಬಗ್ಗಿಸುವಂತಿತ್ತು.

ಅಂದು ಸಂಜೆ ದಂಪತಿಗಳನ್ನು ಮತ್ತೆ ಕರೆಸಿ, ಆದಿಕಾಂಡದ 33ನೆಯ ಅಧ್ಯಾಯವನ್ನು ತೆರೆದು ಓದಲು ಹೇಳಿದೆ. ಎಷ್ಟೋ ವರ್ಷಗಳ ನಂತರ ಅಣ್ಣತಮ್ಮಂದಿರಾದ ಏಸಾವನೂ ಯಕೋಬನೂ ಸಂಧಿಸುತ್ತಾರೆ. ಇಬ್ಬರೂ ಜೊತೆಯಾಗಿ ಹೋಗೋಣವೆಂದು ಏಸಾವನು ಕರೆಯುತ್ತಾನೆ. ಅವನ ಸಂಗಡ ನಾನೂರು ಮಂದಿ ಗಂಡಾಳುಗಳಿದ್ದಾರೆ, ಅವರ ನಡಿಗೆ ವೇಗದ್ದು. ಯಕೋಬನು ವಿನಯದಿಂದ ಹಿಂದುಳಿಯುತ್ತಾನೆ. ಮಕ್ಕಳು ಎಳೆಯರು, ಹಾಲೂಡುವ ಆಡುಕುರಿಗಳೂ ದನಗಳೂ ಇವೆ, ಒಂದು ದಿನ ಅವಸರದಿಂದ ಹೊಡೆದರೂ ಮಂದೆ ಉಳಿಯಲಾರದು, ಆದುದರಿಂದ ತಾನು ಅವುಗಳ ಮತ್ತು ಮಕ್ಕಳ ನಡಿಗೆಗೆ ತಕ್ಕಂತೆ ಮೆಲ್ಲನೆ ಬರುವುದಾಗಿ ತಿಳಿಸುತ್ತಾನೆ. ಕುಟುಂಬದೊಡನೆ ಪ್ರಯಾಣ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಮಾರ್ಗದರ್ಶನವನ್ನು ನಾನು ಕಂಡಿಲ್ಲ. ಪಯಣದ ವೇಗವನ್ನು ನಿರ್ಧರಿಸಬೇಕಾದವನು ಬಲಶಾಲಿಯಲ್ಲ, ಬಲಹೀನನು.

ಹಾಳೆಗಳನ್ನು ಮುಂದಿಟ್ಟುಕೊಂಡು ಮೂವರೂ ಕುಳಿತೆವು. ನಾಲ್ಕು ಉದ್ಯಾನಗಳು ಎರಡಾದವು. ಫ್ಲೋರಿಡಾದ ಗಡಿಯಾರ ಬೇಸಿಗೆಯಲ್ಲಿ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದಿರುವುದರಿಂದ, ಅಮೆರಿಕ ತಲುಪಿದ ಮೊದಲ ಕೆಲವು ದಿನ ಅಕ್ಕನ ಮನೆಯಲ್ಲಿ ನಿದ್ರೆ, ಊಟ, ಮಾತುಕತೆ ಮಾತ್ರ. ಉದ್ಯಾನದ ದಿನಗಳಲ್ಲಿ ಬೆಳಿಗ್ಗೆ ಹೋಗಿ, ಬಿಸಿಲೇರಿದಾಗ ಕೊಠಡಿಗೆ ಮರಳಿ, ಸಂಜೆ ಮತ್ತೆ ಹೋಗುವುದು. ಉದ್ಯಾನದ ಬಾಗಿಲಲ್ಲೇ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ. ಅಜ್ಜಿಯ ಕುರ್ಚಿಯನ್ನು ತಾನೇ ತಳ್ಳುವುದಾಗಿ ಹತ್ತು ವರ್ಷದ ಮೊಮ್ಮಗ ಮುಂದೆ ಬಂದ. ಎತ್ತರದಿಂದ ಧುಮುಕುವ, ಕತ್ತಲೆಯಲ್ಲಿ ತಿರುಗುವ ಆಟಗಳು ಅಜ್ಜಿಗೆ ಬೇಡ. ನಾಲ್ಕು ವರ್ಷದ ಮೊಮ್ಮಗಳಿಗೂ ಅವುಗಳಲ್ಲಿ ಕೆಲವಕ್ಕೆ ಪ್ರವೇಶವಿಲ್ಲ. ಸ್ಪೇಸ್ ಮೌಂಟನ್ ಎಂಬ ಆಟಕ್ಕೆ 44 ಅಂಗುಲ ಎತ್ತರವಿರಲೇಬೇಕು. ಅಂಥ ಕಡೆ ತಂದೆ ಒಮ್ಮೆ, ತಾಯಿ ಒಮ್ಮೆ ಸರದಿಯ ಮೇಲೆ ಹೋಗಲು ಅಲ್ಲಿನವರೇ ಅನುಕೂಲ ಮಾಡಿಕೊಡುತ್ತಾರೆ. ಅಜ್ಜಿ ಮೊಮ್ಮಗಳಿಬ್ಬರೂ ಒಟ್ಟಿಗೆ ಕುಳಿತುಕೊಳ್ಳುವಂಥವೂ ಬೇಕಾದಷ್ಟಿವೆ. ಮ್ಯಾಜಿಕ್ ಕಿಂಗ್‌ಡಮ್ಮಿನ ಸುತ್ತ ಓಡಾಡುವ ಆವಿ ರೈಲು ಅವುಗಳಲ್ಲೊಂದು. ಅದರ ನಾಲ್ಕು ಎಂಜಿನ್‌ಗಳು 1916ರಿಂದ 1928ರ ನಡುವೆ ತಯಾರಾಗಿ ಮೆಕ್ಸಿಕೊ ದೇಶದಲ್ಲಿ ದುಡಿದು ಬಂದವು. ಅಜ್ಜಿಗಿಂತಲೂ ಹಿರಿಯವಾದ ಆ ಎಂಜಿನ್‌ಗಳು ಇನ್ನೂ ಮಕ್ಕಳನ್ನು ಹೊತ್ತು ನಡೆಯುತ್ತಿವೆ ಎಂದು ಹೇಳಿದಾಗ ಆ ತಾಯಿ ಬಾಯ್ತುಂಬ ನಕ್ಕರು.

ಹಣದ ವಿಚಾರವೂ ಬಂತು. ಗೋಪುರ ಕಟ್ಟಬೇಕೆಂದಿರುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನಲ್ಲವೇ ಎಂದು ಪ್ರಭು ಯೇಸು ಕೇಳಿದ್ದನ್ನು ಸಂತ ಲೂಕರು ಬರೆದಿದ್ದಾರೆ. ಅಲ್ಲಿ ಒಂದು ದಿನದ ಪ್ರವೇಶಕ್ಕೆ ತಲೆಗೆ ನೂರು ಡಾಲರಿಗೂ ಮಿಕ್ಕಿ ಬೇಕು, ದಿನಾಂಕಕ್ಕೆ ತಕ್ಕಂತೆ ದರ ಏರಿಳಿಯುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಶುಲ್ಕವಿಲ್ಲ. ಹತ್ತು ತುಂಬಿದವರಿಗೆ ದೊಡ್ಡವರ ದರ. ಸಾಲಿನಲ್ಲಿ ನಿಲ್ಲುವ ಹೊತ್ತನ್ನು ಕಡಿಮೆ ಮಾಡಲು 1999ರಿಂದ ಉಚಿತವಾಗಿದ್ದ ವ್ಯವಸ್ಥೆ 2021ರಲ್ಲಿ ಕೊನೆಗೊಂಡು, ಈಗ ಅದಕ್ಕೂ ಹಣ ತೆರಬೇಕು. ಕ್ರಿಸ್ತಜಯಂತಿ ಮತ್ತು ಪಾಸ್ಖ ಹಬ್ಬಗಳ ಆಸುಪಾಸಿನ ದಿನಗಳಲ್ಲಿ ಜನಸಂದಣಿಯೂ ದರವೂ ಹೆಚ್ಚು. ಆ ಪವಿತ್ರ ದಿನಗಳನ್ನು ನಾವು ಕಳೆಯಬೇಕಾದ ಸ್ಥಳವೂ ಬೇರೆ. ವೀಸಾ ಕೈಗೆ ಬರುವ ಮೊದಲೇ ಹಿಂದಕ್ಕೆ ಬಾರದ ಹಣವನ್ನು ಕಟ್ಟುವುದು ಜಾಣತನವಲ್ಲ. ಮೊದಲಿನ ಯೋಜನೆಗೆ ಕಂತಿನ ಸಾಲ ಬೇಕಾಗುತ್ತಿತ್ತು. ಎರಡು ಉದ್ಯಾನಗಳನ್ನು ಬಿಟ್ಟುದರಿಂದ ಆ ಸಾಲ ತಪ್ಪಿತು. ನಾಲ್ಕು ದಿನದ ಸಂತೋಷಕ್ಕೆ ನಾಲ್ಕು ವರ್ಷ ಬಡ್ಡಿ ಕಟ್ಟುವ ಮನೆಯಲ್ಲಿ ಆ ಸಂತೋಷದ ನೆನಪೂ ಕಹಿಯಾಗುತ್ತದೆ.

ಇನ್ನು ಉಳಿದುದು ಭಾನುವಾರ. ಡಿಸ್ನಿ ಪ್ರದೇಶದಿಂದ ಕೆಲವೇ ಮೈಲಿ ದೂರದಲ್ಲಿ ವಿಶ್ವದ ರಾಣಿ ಮರಿಯಮ್ಮನವರ ಬಸಿಲಿಕವಿದೆ. ಅದರ ಚರಿತ್ರೆ ನಮ್ಮಂಥವರಿಗೆ ಹೆಚ್ಚು ತಿಳಿದಿಲ್ಲ. 1971ರಲ್ಲಿ ಉದ್ಯಾನ ತೆರೆದ ಮೇಲೆ ಪ್ರವಾಸಿಗಳ ಪ್ರವಾಹವನ್ನು ಸುತ್ತಲಿನ ಸಣ್ಣ ದೇವಾಲಯಗಳು ತಾಳಲಾರದೆ ಹೋದವು. 1975ರಲ್ಲಿ ಒರ್ಲ್ಯಾಂಡೊ ಧರ್ಮಾಧ್ಯಕ್ಷರಾಗಿದ್ದ ಥಾಮಸ್ ಗ್ರೇಡಿಯವರು ಪ್ರವಾಸಿಗಳ ಸೇವೆಗೆಂದೇ ಫಾದರ್ ಜೋಸೆಫ್ ಹಾರ್ಟ್ ಎಂಬ ಗುರುಗಳನ್ನು ನೇಮಿಸಿದರು. ಅವರು ಮೊದಲು ಹೋಟೆಲುಗಳ ಸಭಾಂಗಣಗಳಲ್ಲೇ ಬಲಿಪೂಜೆ ಅರ್ಪಿಸಿದರು. ಮುಂದೆ ವಿಶಾಲವಾದ ದೇವಾಲಯವೆದ್ದು 1993ರಲ್ಲಿ ಪ್ರತಿಷ್ಠೆಯಾಯಿತು. 2009ರಲ್ಲಿ ಅದಕ್ಕೆ ಬಸಿಲಿಕದ ಗೌರವ ದೊರೆಯಿತು. ಅದು ಧರ್ಮಕೇಂದ್ರವಲ್ಲ. ಈ ವಾರ ಪೀಠಗಳಲ್ಲಿ ಕುಳಿತವರು ಮುಂದಿನ ವಾರ ತಮ್ಮ ತಮ್ಮ ದೇಶಗಳಲ್ಲಿರುತ್ತಾರೆ. 2013ರಲ್ಲಿ ನಾನು ಅಲ್ಲಿ ಸಹಬಲಿಪೂಜೆಯಲ್ಲಿ ಭಾಗಿಯಾದ ದಿನ, ಇಲಿಯ ಕಿವಿಗಳ ಟೋಪಿಯನ್ನು ಕಂಕುಳಲ್ಲಿ ಇರಿಸಿಕೊಂಡು ಪರಮಪ್ರಸಾದಕ್ಕೆ ಬಂದ ತಂದೆಯರನ್ನು ಕಂಡೆ. ನಗು ಬರಲಿಲ್ಲ, ಕಣ್ಣು ತುಂಬಿತು. ದೇವರು ನಮ್ಮ ರಜೆಯ ದಿನಗಳಲ್ಲಿಯೂ ನಮಗಾಗಿ ಬಾಗಿಲು ತೆರೆದು ಕಾದಿರುತ್ತಾನೆ. ದಂಪತಿಗಳ ಹಾಳೆಯಲ್ಲಿ "ಪ್ರಯಾಣ" ಎಂಬ ಪದದ ಮುಂದೆ "ಬಲಿಪೂಜೆಯ ನಂತರ" ಎಂದು ಪತ್ನಿ ತಾವೇ ಬರೆದರು.

"ಈ ಸಲ ನಾವು ಹೋಗಿ ಬರೋಣ, ಅಮ್ಮನನ್ನು ಮುಂದಿನ ಸಲ ಕರೆದುಕೊಂಡು ಹೋಗೋಣ" ಎಂಬ ಮಾತೂ ಆ ಮನೆಯಲ್ಲಿ ಒಮ್ಮೆ ಬಂದಿತ್ತಂತೆ. ಇದಕ್ಕೆ ಉತ್ತರವಾಗಿ ಅದೇ ಊರುಗಳ ಒಂದು ಸಂಗತಿಯನ್ನು ಅವರಿಗೆ ಹೇಳಿದೆ. ಹೆನ್ರಿ ಲ್ಯಾಂಡ್‌ವರ್ತ್ ಎಂಬ ಯೆಹೂದ್ಯರು ಬಾಲ್ಯದಲ್ಲಿ ನಾಜಿಗಳ ಯಾತನಾಶಿಬಿರಗಳಿಂದ ಬದುಕುಳಿದು, ಮುಂದೆ ಫ್ಲೋರಿಡಾದಲ್ಲಿ ಹೋಟೆಲುಗಳನ್ನು ನಡೆಸುತ್ತಿದ್ದರು. ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಆರು ವರ್ಷದ ಬಾಲಕಿಯೊಬ್ಬಳು ಮಿಕಿ ಇಲಿಯನ್ನು ನೋಡಬೇಕೆಂದು ಆಶಿಸಿದ್ದಳು. ಅವಳ ಕುಟುಂಬಕ್ಕಾಗಿ ಅವರ ಹೋಟೆಲಿನಲ್ಲಿ ಕೊಠಡಿ ಸಿದ್ಧವಾಗಿತ್ತು. ಆದರೆ ಉಳಿದ ಏರ್ಪಾಟುಗಳೆಲ್ಲ ಮುಗಿಯುವ ಮೊದಲೇ ಮಗು ತೀರಿಕೊಂಡಿತು. ಇನ್ನು ಯಾವ ಮಗುವಿಗೂ ಹೀಗಾಗಬಾರದೆಂದು ಅವರು 1986ರಲ್ಲಿ 'ಗಿವ್ ಕಿಡ್ಸ್ ದ ವರ್ಲ್ಡ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ತೀವ್ರ ಕಾಯಿಲೆಯ ಮಕ್ಕಳೂ ಅವರ ಕುಟುಂಬದವರೂ ಅದರ ಪುಟ್ಟ ಗ್ರಾಮದಲ್ಲಿ ಒಂದು ವಾರ ಖರ್ಚಿಲ್ಲದೆ ತಂಗಬಹುದು. ಲ್ಯಾಂಡ್‌ವರ್ತರು 2018ರಲ್ಲಿ ನಿಧನರಾದರು, ಗ್ರಾಮ ಮಾತ್ರ ನಡೆದುಕೊಂಡು ಬಂದಿದೆ. ಎಳೆಯ ರೋಗಿಗೂ ಎಪ್ಪತ್ತೆಂಟರ ತಾಯಿಗೂ "ಮುಂದಿನ ಸಲ" ಎಂಬುದು ನಾವು ಕೊಡಬಲ್ಲ ವಚನವಲ್ಲ, ಏಕೆಂದರೆ ಅದು ನಮ್ಮ ವಶದಲ್ಲಿಲ್ಲ.

ಪ್ರಿಯ ಓದುಗರೇ, ನಮ್ಮಲ್ಲಿ ಬಹುಮಂದಿ ಫ್ಲೋರಿಡಾಕ್ಕೆ ಹೋಗುವವರಲ್ಲ. ಬಿಡದಿಯ ವಂಡರ್‌ಲಾಗೆ ಒಂದು ದಿನ, ಇಲ್ಲವೇ ಮೈಸೂರಿನ ಮೃಗಾಲಯಕ್ಕೆ ಒಂದು ಮಧ್ಯಾಹ್ನ ಹೋಗಿಬಂದರೆ ಅದೇ ನಮಗೆ ದೊಡ್ಡ ಸಂಭ್ರಮ. ಸ್ಥಳ ಯಾವುದಾದರೂ ಕೇಳಬೇಕಾದ ಪ್ರಶ್ನೆಗಳು ಅವೇ. ನಮ್ಮಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರು ಯಾರು? ಅವರಿಗೆ ಈ ದಿನದಲ್ಲಿ ಯಾವ ಸಂತೋಷವಿದೆ? ಸಾಲವಿಲ್ಲದೆ ಹಿಂದಿರುಗಲು ಸಾಧ್ಯವೇ? ಪ್ರಭುವಿನ ದಿನದಲ್ಲಿ ಪ್ರಭುವಿಗೆ ಸ್ಥಳವಿದೆಯೇ? ನಮ್ಮ ರಜೆಯ ದಿನವೇ ದುಡಿಯಬೇಕಾದ ಚಾಲಕ, ಅಡುಗೆಯವರು, ಕಸ ಗುಡಿಸುವವರು ನಮ್ಮ ಬಾಯಿಂದ ಒಂದು ಕೃತಜ್ಞತೆಯ ಮಾತನ್ನು ಕೇಳುವರೇ? ಇವುಗಳಿಗೆ ಉತ್ತರ ದೊರೆತ ಮೇಲೆ ಎಷ್ಟು ಆಟಗಳನ್ನು ಆಡಿದೆವು, ಎಷ್ಟನ್ನು ಬಿಟ್ಟೆವು ಎಂಬುದು ದೊಡ್ಡ ವಿಷಯವಲ್ಲ.

ಆ ಕುಟುಂಬದ ವೀಸಾ ಇನ್ನೂ ಬರಬೇಕಾಗಿದೆ. ಬರದೆಯೂ ಹೋಗಬಹುದು. ಆದರೆ ಹೊಸ ಹಾಳೆಯಲ್ಲಿ ತಾಯಿಯ ಹೆಸರು ಎಲ್ಲ ದಿನಗಳ ಮೇಲ್ಭಾಗದಲ್ಲಿದೆ. ಹೊರಡುವ ಮೊದಲೇ ಅವರು ತಲುಪಬೇಕಾದ ಕಡೆಗೆ ಬಹುದೂರ ನಡೆದಿದ್ದಾರೆ ಎಂದು ನಾನು ನಂಬಿದ್ದೇನೆ.