ಏಳೋ ಎಂಟೋ

ಪ್ರಸಾರ ಆರಂಭವಾಗುವ ಮುನ್ನ ದೂರದರ್ಶನದ ಪರದೆಯ ಮೇಲೆ ಸುಮ್ಮನೆ ನಿಂತಿರುತ್ತಿದ್ದ ಉದ್ದುದ್ದ ಪಟ್ಟೆಗಳು ನಮ್ಮ ವಯಸ್ಸಿನ ಓದುಗರಿಗೆ ನೆನಪಿರಬೇಕು. ಟೆಸ್ಟ್ ಪ್ಯಾಟರ್ನ್ ಎಂದು ಅದರ ಹೆಸರು. ಹಗಲಿರುಳೂ ಏನಾದರೊಂದು ಓಡುತ್ತಲೇ ಇರುವ ಈಗಿನ ಪೆಟ್ಟಿಗೆಗೆ ಅದರ ಗೊಡವೆಯಿಲ್ಲ. ನಾವಾದರೋ, ಕಿವಿ ಕೊರೆಯುವ ಅದರ 'ಕೂಂ' ಸದ್ದಿನ ಸಮೇತ, ಅದನ್ನೂ ಒಂದು ಕಾರ್ಯಕ್ರಮವೆಂದೇ ಭಾವಿಸಿ ನೋಡಿದವರು.

1987ರ ಸುಮಾರಿನ ಮಾತು. ನಮ್ಮ ದೇಶದಲ್ಲಿ 1982ರಲ್ಲೇ ಬಣ್ಣದ ಪ್ರಸಾರ ಬಂದಿದ್ದರೂ ಡೊಂಬಿವಲಿಯ ನಮ್ಮ ಚಾಳಿಗೆ ಬಣ್ಣ ಇನ್ನೂ ಬಂದಿರಲಿಲ್ಲ. ಭಾನುವಾರ ಮಧ್ಯಾಹ್ನ ನಾನಾ ಭಾಷೆಗಳ ಚಿತ್ರಗಳು ಸರದಿಯಂತೆ ಬರುತ್ತಿದ್ದವು. ಕನ್ನಡದ ಪಾಳಿಗೆ ತಿಂಗಳುಗಟ್ಟಲೆ ಕಾಯಬೇಕು. ಅಂಥ ಒಂದು ಭಾನುವಾರ ಚಾಳಿನ ಕನ್ನಡದ ಮನೆಗಳವರೆಲ್ಲ ಊಟ ಮುಗಿಸಿ, ಚಾಪೆ ಹಿಡಿದು ನಮ್ಮ ಕೋಣೆಗೆ ಬರುವವರಿದ್ದರು. ತೀರ್ಥರೂಪರು ಮಾಳಿಗೆಯ ಮೇಲೆ ಆಂಟೆನಾ ತಿರುವಿ, ಬೆವರಿಳಿಸಿಕೊಂಡು ಕೆಳಗೆ ಬಂದರು. ಎಂಟು ಪಟ್ಟೆ ಕಂಡರೆ ಸೆಟ್ಟು ಸರಿಯಿದ್ದಂತೆ ಎಂದು ಅಂಗಡಿಯವನು ಅವರಿಗೆ ಹೇಳಿದ್ದ.

"ಎಷ್ಟ ಪಟ್ಟಿ ಅದಾವ, ಎಣಸು" ಎಂದು ಆರು ವರ್ಷದ ತಂಗಿಗೆ ಹೇಳಿದರು.

"ಏಳು, ಅಪ್ಪಾ."

"ಎಂಟ ಅದಾವ. ಕಣ್ಣ ತಗದ ನೋಡು."

ಆಕೆ ಬೆರಳಿಟ್ಟು ಎಣಿಸಿ ಮತ್ತೆ ಏಳೆಂದಳು. ಮೂರನೆಯ ಸಲವೂ ಏಳೇ. ಬೆನ್ನಿಗೊಂದು ಗುದ್ದು ಬಿತ್ತು. ಅನಂತರ ಪ್ರಶ್ನೆ ನಮ್ಮತ್ತ ತಿರುಗಿತು. ನಮಗೂ ಕಂಡದ್ದು ಏಳೇ. "ಎಂಟು" ಎಂದೆವು.

ತಂಗಿ ಅಡಿಗೆಮನೆಯ ಮೂಲೆ ಸೇರಿದವಳು ಚಿತ್ರ ಮುಗಿಯುವವರೆಗೂ ಹೊರಬರಲಿಲ್ಲ.

ಮುಂದೆ ಬಿ.ಎಸ್ಸಿ. ಓದುವಾಗ ಗ್ರಂಥಾಲಯದ ದಪ್ಪ ಪುಸ್ತಕವೊಂದರಲ್ಲಿ ಆ ಪಟ್ಟೆಗಳು ಎದುರಾದವು. ಬಿಳಿ, ಹಳದಿ, ಹಸಿರು ಬೆರೆತ ತಿಳಿನೀಲಿ, ಹಸಿರು, ಕಡುಗುಲಾಬಿ, ಕೆಂಪು, ನೀಲಿ, ಕಪ್ಪು. ಇದು ಕಾಮನಬಿಲ್ಲಿನ ಕ್ರಮವಲ್ಲ, ಹೊಳಪು ಇಳಿಯುತ್ತ ಹೋಗುವ ಕ್ರಮ. ಬಣ್ಣದ ಪ್ರಸಾರವನ್ನು ಹಳೆಯ ಕಪ್ಪು-ಬಿಳುಪು ಸೆಟ್ಟಿನವರೂ ನೋಡುವಂತಿರಬೇಕಲ್ಲ. ಅದಕ್ಕೆಂದು ಮೂರು ಮೂಲ ಬಣ್ಣಗಳ ಹೊಳಪನ್ನು ನಮ್ಮ ಕಣ್ಣಿಗೆ ತಟ್ಟುವ ಪ್ರಮಾಣದಲ್ಲೇ ಬೆರೆಸಿ ಕಳಿಸುತ್ತಿದ್ದರು. ಬಿಳಿ 100 ಎಂದಿಟ್ಟುಕೊಂಡರೆ ಹಳದಿ 89, ಹಸಿರು 59, ಕೆಂಪು 30. ನೀಲಿ ಬರೀ 11! ಕಪ್ಪು-ಬಿಳುಪು ಪರದೆಯಲ್ಲಿ ಅದು ಕಪ್ಪಿನ ಪಕ್ಕದ ಕಡು ಬೂದಿ. ಬ್ರೈಟ್‌ನೆಸ್ಸಿನ ನಾಬು ಕೊಂಚ ಕೆಳಗಿದ್ದರೆ ಸಾಕು, ಎರಡೂ ಒಂದಾಗಿ ಏಳೇ ಕಾಣುತ್ತವೆ. ತಂಗಿಯ ಕಣ್ಣು ಸರಿಯಾಗಿತ್ತು. ನಾಬನ್ನು ಒಂದಿಷ್ಟು ತಿರುವಿದ್ದರೆ ಆಗುತ್ತಿತ್ತು. ಅದನ್ನು ತಿಳಿಸಲೆಂದೇ ಅಲ್ಲವೆ ಆ ಪಟ್ಟೆಗಳಿದ್ದದ್ದು?

ಟೆಸ್ಟ್ ಪ್ಯಾಟರ್ನಿನ ವಂಶ ದೊಡ್ಡದು. ಅಮೆರಿಕದ ಆರ್‌ಸಿಎ ಸಂಸ್ಥೆ 1939ರಲ್ಲಿ ಗರಿಗಳ ಶಿರಸ್ತ್ರಾಣ ತೊಟ್ಟ ಮೂಲನಿವಾಸಿ ಮುಖಂಡನ ಚಿತ್ರವನ್ನು ತಂದಿತು. ಸುತ್ತಲಿನ ವೃತ್ತಗಳು ಮೊಟ್ಟೆಯಾಕಾರವಾದರೆ ಸೆಟ್ಟಿನಲ್ಲಿ ದೋಷ; ಒತ್ತಾಗಿ ಬರೆದ ಗೆರೆಗಳು ಕಲಸಿಹೋದರೆ ಚಿತ್ರದ ಸೂಕ್ಷ್ಮತೆ ಸಾಲದು. ಆದರೆ ನಮ್ಮ ಮನಸ್ಸಿಗೆ ಹಿಡಿಸಿದ್ದು ಬ್ರಿಟನ್ನಿನ ಬಿಬಿಸಿಯದು. 1967ರ ಜುಲೈನಲ್ಲಿ, ಅಲ್ಲಿ ಬಣ್ಣದ ಪ್ರಸಾರ ಆರಂಭವಾದಾಗ ಬಂದ 'ಟೆಸ್ಟ್ ಕಾರ್ಡ್ ಎಫ್'. ನಡುವಿನ ವೃತ್ತದಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ವಿದೂಷಕನ ಗೊಂಬೆಯ ಜೊತೆ ಕಪ್ಪು ಹಲಗೆಯ ಮೇಲೆ ಸೊನ್ನೆ-ಕತ್ತರಿ ಆಟ ಆಡುತ್ತಿದ್ದಾಳೆ. ಹಲಗೆಯ ಮೇಲಿನ ಕತ್ತರಿ ಗುರುತೇ ಪರದೆಯ ನಟ್ಟನಡು. ಮಗುವಿನ ಮೈಬಣ್ಣ ಸಹಜವಾಗಿ ಕಂಡರೆ ಬಣ್ಣದ ಹೊಂದಾಣಿಕೆ ಸರಿ. ಹುಡುಗಿ ಕ್ಯಾರೊಲ್ ಹರ್ಸಿ. ಕಾರ್ಡು ರೂಪಿಸಿದ ಎಂಜಿನಿಯರ್ ಜಾರ್ಜ್ ಹರ್ಸಿಯವರ ಮಗಳು. ಅಲ್ಲಿಯೂ ಅಪ್ಪ-ಮಗಳೇ ನೋಡಿ! ಆ ಅಪ್ಪ ಮಾತ್ರ ಮಗಳ ಮುಖವನ್ನೇ ಅಳತೆಗೋಲಾಗಿ ಇಟ್ಟುಕೊಂಡ.

ಗ್ರಂಥಾಲಯದಿಂದ ಬಂದ ದಿನ ತೀರ್ಥರೂಪರಿಗೆ ಇದನ್ನೆಲ್ಲ ಹೇಳಬೇಕೆಂದುಕೊಂಡೆವು. ಹೇಳಲಿಲ್ಲ. ಹೇಳಿದ್ದರೆ ನಮ್ಮ 'ಎಂಟು' ಎಲ್ಲಿಂದ ಬಂತೆಂದು ಕೇಳುತ್ತಿದ್ದರು. ಈಗ ಅವರಿಲ್ಲ.

ಕಳೆದ ದೀಪಾವಳಿಗೆ ತಂಗಿ ಮಕ್ಕಳೊಡನೆ ಹುಬ್ಬಳ್ಳಿಯಿಂದ ಬಂದಿದ್ದಳು. ರಾತ್ರಿ ಊಟವಾದ ಮೇಲೆ ಕಾಗದದ ಮೇಲೆ ಎಂಟು ಪಟ್ಟೆ ಬರೆದು, ಲೆಕ್ಕವೆಲ್ಲ ವಿವರಿಸಿ, ಕೊನೆಗೆ ನಮ್ಮ ಸುಳ್ಳನ್ನೂ ಹೇಳಿದೆವು.

"ನಿನಗೂ ಏಳ ಕಂಡಿದ್ವು ಅಂತ ನನಗ ಅವತ್ತ ಗೊತ್ತಿತ್ತು ಅಣ್ಣಾ" ಎಂದಳು. ಎಲೆ ಅಡಿಕೆಯ ತಟ್ಟೆ ಹತ್ತಿರಕ್ಕೆಳೆದುಕೊಂಡು, ತುಸು ಹೊತ್ತು ಬಿಟ್ಟು ಕೇಳಿದಳು: "ಅದಿರ್ಲಿ, ಆ ಸಿನೆಮಾ ಕಡೀಗೆ ಏನಾತು?"