ಕಾಲು ಬಡಿಯುವ ಲೆಕ್ಕ

ಈಜುಗಾರರನ್ನು ದಡದಲ್ಲಿ ನಿಂತು ನೋಡುವವರೆಲ್ಲ ನೋಡುವುದು ಕೈಗಳನ್ನೇ. ಕೈ ನೀರಿನಿಂದ ಮೇಲೇಳುತ್ತದೆ, ಬಿಸಿಲಿಗೆ ಮಿಂಚುತ್ತದೆ, ಮತ್ತೆ ಮುಳುಗುತ್ತದೆ; ನೋಡಲು ಚೆನ್ನ. ಕಾಲಿನ ಪಾಡು ಹಾಗಲ್ಲ. ಅಡಿಗೆಮನೆಯಲ್ಲಿ ಬೆವರುವ ಗೃಹಿಣಿಯಂತೆ ಅದು ಮರೆಯಲ್ಲಿದ್ದು ದುಡಿಯುತ್ತದೆ. ಊಟ ರುಚಿಯಾದರೆ ಬಡಿಸಿದವರಿಗೆ ಹೊಗಳಿಕೆ. ಉಪ್ಪು ಹೆಚ್ಚಾದರೆ ಮಾತ್ರ ಒಳಗಿನವಳ ನೆನಪು. ಈ ಮರೆಯ ದುಡಿಮೆಯ ಲೆಕ್ಕ ಬರೆಯುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪನ್ನೂ ಅದನ್ನು ತಿದ್ದಿಕೊಂಡ ಬಗೆಯನ್ನೂ ವಾಚಕರ ಮುಂದಿಡೋಣವೆಂದು ಈ ನಾಲ್ಕು ಮಾತು.

ನಾನು ಮುಂಬಯಿಯ ಒಂದು ಬ್ಯಾಂಕಿನಲ್ಲಿ ೩೪ ವರ್ಷ ಲೆಡ್ಜರು ತಿರುವಿದವನು. ನಿವೃತ್ತನಾದ ಮೇಲೆ ಬೆಳಗಿನ ಜಾವ ಮೊಮ್ಮಗಳನ್ನು ನಮ್ಮ ಉಪನಗರದ ಈಜುಕೊಳಕ್ಕೆ ಕರೆದೊಯ್ಯುವುದು ನನ್ನ ಉದ್ಯೋಗವಾಯಿತು. ಕಾಲೇಜಿನಲ್ಲಿದ್ದಾಗ ನಾನೂ ಸ್ಪರ್ಧೆಗಳಲ್ಲಿ ಈಜಿದವನೆಂಬ ಸುದ್ದಿ ಹೇಗೋ ಅಲ್ಲಿಯ ಕೋಚರ ಕಿವಿಗೆ ಬಿತ್ತು. ಅವರು ಮರಾಠಿಗರು, ಸಜ್ಜನರು. ಮಕ್ಕಳು ನಲವತ್ತು, ಇವರು ಒಬ್ಬರೇ. "ನೀವು ಲೆಕ್ಕದವರು, ಕಾಲಿನ ಖಾತೆ ನಿಮಗೇ ಇರಲಿ" ಎಂದುಬಿಟ್ಟರು. ಮಂತ್ರಿಮಂಡಲದಲ್ಲಿ ಯಾರಿಗೂ ಬೇಡವಾದ ಖಾತೆಯನ್ನು ಕಡೆಯಲ್ಲಿ ಬಂದವನ ಕೊರಳಿಗೆ ಕಟ್ಟುತ್ತಾರಲ್ಲ, ಹಾಗಾಯಿತು.

ಒಪ್ಪಿಕೊಳ್ಳುವಾಗ ನನಗೆ ನಮ್ಮೂರಿನ ಬಾವಿ ನೆನಪಾಗಿತ್ತು. ನಮ್ಮದು ಧಾರವಾಡದ ಕಡೆಯ ಒಂದು ಹಳ್ಳಿ. ಅಲ್ಲಿ ಈಜುಕೊಳವೆಂದರೆ ತೋಟದ ಬಾವಿ. ಕೋಚ್ ಎಂದರೆ ನಮ್ಮ ಕಾಕಾ. ಸಲಕರಣೆಯೆಂದರೆ ಬೆನ್ನಿಗೆ ಕಟ್ಟುವ ಒಣ ಬೆಂಡು ಮತ್ತು ಸೊಂಟಕ್ಕೊಂದು ಹಗ್ಗ. ಕಾಕಾ ಮೆಟ್ಟಿಲ ಮೇಲೆ ಕುಳಿತು ಹಗ್ಗ ಹಿಡಿದು, "ಕಾಲ ಬಡೀಲೇ, ಕಾಲ ಬಡಿ! ಕೈ ಆಮ್ಯಾಲ ನೋಡ್ಕೊಳ್ಳೋಣು" ಎಂದು ಕೂಗುತ್ತಿದ್ದರು. ಇಂದಿನ ಮಕ್ಕಳು ಬೆಂಡನ್ನು ಬೆನ್ನಿಗೆ ಕಟ್ಟುವುದಿಲ್ಲ. ಕಿಕ್ ಬೋರ್ಡ್ ಎಂಬ ಹಗುರವಾದ ಹಲಗೆಯನ್ನು ಕೈಯಲ್ಲಿ ಮುಂದೆ ಚಾಚಿ ಹಿಡಿದು ಕಾಲು ಬಡಿಯುತ್ತಾರೆ. ಬೆಂಡು ಹಿಂದಿನಿಂದ ಮುಂದಕ್ಕೆ ಬಂದಿತು, ಅಷ್ಟೇ. ಕೂಗು ಮಾತ್ರ ಅದೇ.

ಕಾಲಿಗೆ ಇಷ್ಟೇಕೆ ಪ್ರಾಧಾನ್ಯ ಎಂದು ಕೇಳಬಹುದು. ಫ್ರೀಸ್ಟೈಲಿನಲ್ಲಿ ದೇಹವನ್ನು ಮುಂದಕ್ಕೆ ಎಳೆಯುವ ಹೆಚ್ಚಿನ ಕೆಲಸ ಕೈಗಳದ್ದೇ ಸರಿ. ಆದರೆ ಕಾಲು ಸೋತರೆ ಸೊಂಟ ಮುಳುಗುತ್ತದೆ. ಸೊಂಟ ಮುಳುಗಿದರೆ ದೇಹ ನೀರಿಗೆ ಅಡ್ಡಗೋಡೆಯಾಗುತ್ತದೆ. ಆಗ ಕೈ ಎಷ್ಟು ಎಳೆದರೂ ವ್ಯರ್ಥ. ಇನ್ನೊಂದು ತೊಡಕುಂಟು. ತೊಡೆಯ ಸ್ನಾಯುಗಳು ದೇಹದಲ್ಲೆಲ್ಲ ದೊಡ್ಡವು, ದೊಡ್ಡ ಸಂಸಾರದಂತೆ ಖರ್ಚೂ ದೊಡ್ಡದು; ಉಸಿರನ್ನೆಲ್ಲ ಅವೇ ಕಬಳಿಸುತ್ತವೆ. ಆದ್ದರಿಂದಲೇ ದೂರದ ಈಜುಗಾರರು ಅನೇಕರು ಎರಡೂ ಕೈ ಒಂದು ಸುತ್ತು ಬರುವುದರೊಳಗೆ ಎರಡೇ ಬಾರಿ ಕಾಲು ಬಡಿದು ಉಳಿತಾಯ ಮಾಡುತ್ತಾರೆ. ೫೦ ಮೀಟರು, ೧೦೦ ಮೀಟರಿನವರು ಆರು ಬಾರಿ ಬಡಿದು ಇದ್ದದ್ದನ್ನೆಲ್ಲ ಖರ್ಚು ಮಾಡಿಬಿಡುತ್ತಾರೆ.

ಕಾಲಿನ ಬಲ ಎಂಥದೆಂಬುದಕ್ಕೆ ಈಜಿನ ಕಾನೂನೇ ಸಾಕ್ಷಿ ಹೇಳುತ್ತದೆ. ೧೯೮೮ರ ಸಿಯೋಲ್ ಒಲಿಂಪಿಕ್ಸಿನಲ್ಲಿ ೧೦೦ ಮೀಟರು ಬೆನ್ನೀಜು. ಅಮೆರಿಕದ ಡೇವಿಡ್ ಬರ್ಕಾಫ್, ಜಪಾನಿನ ಡೈಚಿ ಸುಜುಕಿ ಇಬ್ಬರೂ ಹೊರಟವರು ಮೇಲೆ ಬರಲೇ ಇಲ್ಲ! ಕೈಗಳನ್ನು ತಲೆಯ ಮುಂದೆ ಜೋಡಿಸಿ, ಮೀನಿನಂತೆ ಎರಡೂ ಕಾಲು ಕೂಡಿಸಿ ಬೀಸುತ್ತ, ಮೊದಲ ಉದ್ದದ ಅರ್ಧಕ್ಕೂ ಹೆಚ್ಚು ದೂರ ನೀರೊಳಗೇ ಸಾಗಿದರು. ಸುಜುಕಿಗೆ ಚಿನ್ನ, ಬರ್ಕಾಫನಿಗೆ ಬೆಳ್ಳಿ. ಹೀಗೇ ಬಿಟ್ಟರೆ ಈಜು ಸ್ಪರ್ಧೆ ಮುಳುಗು ಸ್ಪರ್ಧೆಯಾದೀತೆಂದು ನೀರೊಳಗಿನ ದೂರವನ್ನು ಮೊದಲು ೧೦ ಮೀಟರಿಗೂ ಆಮೇಲೆ ೧೫ ಮೀಟರಿಗೂ ಮಿತಿಗೊಳಿಸಿದರು. ಇಂದಿಗೂ ಆ ೧೫ ಮೀಟರು ಕಾಲಿನದೇ ರಾಜ್ಯ. ನಮ್ಮ ಬೆಂಗಳೂರಿನ ಹುಡುಗ ಶ್ರೀಹರಿ ನಟರಾಜ್ ೨೦೨೧ರಲ್ಲಿ ರೋಮ್ ನಗರದಲ್ಲಿ ಇದೇ ೧೦೦ ಮೀಟರು ಬೆನ್ನೀಜನ್ನು ೫೩.೭೭ ಸೆಕೆಂಡಿನಲ್ಲಿ ಮುಗಿಸಿ ಟೋಕಿಯೋ ಒಲಿಂಪಿಕ್ಸಿಗೆ ನೇರ ಅರ್ಹತೆ ಪಡೆದಾಗ, ನಾನು ಮನೆಯವರಿಗೆಲ್ಲ ಪೇಡೆ ಹಂಚಿದ್ದುಂಟು.

ಇರಲಿ, ನನ್ನ ಖಾತೆಯ ವಿಷಯಕ್ಕೆ ಬರುತ್ತೇನೆ. ಈಜಿನ ಅಭ್ಯಾಸವನ್ನು ಕಂತು ಕಂತಾಗಿ ಕೊಡುತ್ತಾರೆ. ಅದಕ್ಕೆ ಸೆಟ್ ಎಂದು ಹೆಸರು. ಇಷ್ಟು ಸಲ, ಇಷ್ಟು ದೂರ, ಇಷ್ಟಿಷ್ಟು ಹೊತ್ತಿಗೊಮ್ಮೆ ಹೊರಡಬೇಕು ಎಂಬ ಮೂರು ಅಂಕಿಗಳಲ್ಲಿ ಅದರ ಜೀವವಿದೆ. ನಾನು ಬರೆದುಕೊಟ್ಟ ಮೊದಲ ಸೆಟ್ ಹೀಗಿತ್ತು: ೫೦ ಮೀಟರು ಕಾಲುಬಡಿತ, ೮ ಸಲ, ೧ ನಿಮಿಷ ೧೫ ಸೆಕೆಂಡಿಗೊಮ್ಮೆ ಹೊರಡುವುದು. ಎಲ್ಲರಿಗೂ ಒಂದೇ. ಯಾರಾದರೂ ಹೊರಡುವ ಹೊತ್ತು ತಪ್ಪಿಸಿದರೆ ಆ ಸಾಲಿನವರೆಲ್ಲ ಮತ್ತೆ ಒಂದರಿಂದ ಎಣಿಸಬೇಕು. ತಡವಾಗಿ ಬಂದವರಿಗೆ ದಂಡವಾಗಿ ೪೦೦ ಮೀಟರು ಕಾಲುಬಡಿತ. ಬ್ಯಾಂಕಿನ ಶಿಸ್ತನ್ನು ನೀರಿಗೂ ತಂದೆನೆಂದು ನನಗೆ ಹೆಮ್ಮೆಯೇ ಆಗಿತ್ತು.

ಮೊಮ್ಮಗಳಿಗೆ ಆಗ ೧೧ ವರ್ಷ. ಆ ವರ್ಷ ಹುಡುಗಿ ಬಿದಿರಿನಂತೆ ಬೆಳೆದಿದ್ದಳು. ಕಾಲು ಉದ್ದವಾಗಿದ್ದವು, ಇನ್ನೂ ಅವಳ ಮಾತು ಕೇಳುತ್ತಿರಲಿಲ್ಲ. ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ಅವಳೇ. ನಾಲ್ಕನೆಯದೋ ಐದನೆಯದೋ ಸಲಕ್ಕೆ ಹೊರಡುವ ಹೊತ್ತು ತಪ್ಪುತ್ತಿತ್ತು. ನಾನು "ಮೊದಲಿಂದ!" ಎನ್ನುತ್ತಿದ್ದೆ. ಅಜ್ಜ ಮೊಮ್ಮಗಳೆಂದು ಪಕ್ಷಪಾತ ಮಾಡಿದನೆಂಬ ಮಾತು ಬರಬಾರದಲ್ಲ! ಉಳಿದ ಮಕ್ಕಳು ತಿರುಗಿ ಅವಳನ್ನು ನೋಡುತ್ತಿದ್ದರು. ಅವಳು ಗಾಗಲ್ಸ್ ತೆಗೆದು ನೀರು ಚೆಲ್ಲಿ ಮತ್ತೆ ಹಾಕಿಕೊಳ್ಳುತ್ತಿದ್ದಳು. ಗಾಗಲ್ಸ್ ಸೋರುತ್ತಿರಬೇಕೆಂದು ನಾನು ಹೊಸದೊಂದು ಕೊಡಿಸಿದೆ. ಅದೂ ತುಂಬಿತು. ಅದು ಕೊಳದ ನೀರಲ್ಲವೆಂದು ಈ ಲೆಕ್ಕಿಗನಿಗೆ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ರಿಕ್ಷಾದಲ್ಲಿ ಮನೆಗೆ ಬರುವಾಗ ಅವಳು ಹೊರಗೆ ನೋಡುತ್ತ ಹೇಳಿದಳು: "ಅಜ್ಜಾ, ನಾಳಿಂದ ನಾ ಬರಂಗಿಲ್ಲ."

"ಯಾಕವ್ವಾ?"

"ನನ್ನ ಕಾಲ ಕೆಟ್ಟಾವ."

ನಾನು ಏನೂ ಹೇಳಲಾರದೆ ಹೋದೆ. ನೀರೆಂದರೆ ಪ್ರಾಣ ಬಿಡುತ್ತಿದ್ದ ಹುಡುಗಿ. ಅವಳ ಕಾಲುಗಳ ಮೇಲೆ ಅವಳಿಗೇ ಹೇವರಿಕೆ ಹುಟ್ಟಿಸಿದವನು ನಾನು.

ಮರುದಿನ ಅವಳು ಬರಲಿಲ್ಲ. ನಾನೊಬ್ಬನೇ ಹೋದೆ. ಮಕ್ಕಳ ತಂಡ ಮುಗಿದು ಹಿರಿಯರ ಹೊತ್ತು ಬಂದಾಗ ಒಂದು ಹಲಗೆ ಹಿಡಿದು ನೀರಿಗಿಳಿದೆ. ನನಗಾಗ ೬೭. ನಾನೇ ಬರೆದ ಸೆಟ್ಟನ್ನು ನಾನೇ ಮಾಡಿ ನೋಡಬೇಕೆಂದು ಛಲ. ಹಲಗೆಯ ಮೇಲೆ ತಲೆ ಎತ್ತಿ ಹಿಡಿದೊಡನೆ ಕತ್ತು ನೋಯತೊಡಗಿತು, ಸೊಂಟ ಕೆಳಗಿಳಿಯಿತು. ಎಷ್ಟು ಬಡಿದರೂ ಪಕ್ಕದ ಗೋಡೆಯ ಹೆಂಚು ಅಲ್ಲೇ ನಿಂತಿತ್ತು. ಗಡಿಯಾರವೊಂದು ಮಾತ್ರ ಮುಂದೆ ಹೋಗುತ್ತಿತ್ತು. ಎರಡು ಸಲ ೫೦ ಮೀಟರು ಮುಗಿಸುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡಿತು. ಕಾವಲಿನ ಹುಡುಗ ಓಡಿಬಂದು, "ಆಜೋಬಾ, ಬರೆ ಆಹಾತ್ ನಾ?" ಎಂದು ವಿಚಾರಿಸಿದ. ಎಂಟರಲ್ಲಿ ಎರಡು! ಉಳಿದ ಆರನ್ನು ಯಾರ ಖಾತೆಗೆ ಬರೆಯುವುದು?

ಮನೆಗೆ ಬಂದು ಪೆನ್ಸಿಲು ಹಿಡಿದು ಕುಳಿತೆ. ಸಾಲಿನ ಮುಂದಿನ ಹುಡುಗ ೫೦ ಮೀಟರನ್ನು ೫೮ ಸೆಕೆಂಡಿನಲ್ಲಿ ಮುಗಿಸುತ್ತಾನೆ. ೭೫ರಲ್ಲಿ ೫೮ ಕಳೆದರೆ ಅವನಿಗೆ ೧೭ ಸೆಕೆಂಡು ವಿಶ್ರಾಂತಿ. ನಮ್ಮ ಹುಡುಗಿಗೆ ೭೨ ಸೆಕೆಂಡು ಬೇಕು. ಅವಳಿಗೆ ಉಳಿಯುವುದು ೩. ಕಾಗದದ ಮೇಲೆ ಸೆಟ್ ಒಂದೇ. ನೀರಿನಲ್ಲಿ ಅವು ಎರಡು. ಚೆನ್ನಾಗಿ ಬಡಿಯುವವನಿಗೆ ಸುಖದ ಅಭ್ಯಾಸ, ಬಡಿಯಲಾರದವಳಿಗೆ ಉಸಿರು ಕಟ್ಟುವ ಶಿಕ್ಷೆ. ಸಂಬಳ ನೋಡದೆ ಎಲ್ಲರಿಗೂ ಒಂದೇ ಸಾಲದ ಕಂತು ಕಟ್ಟಿಸಿದ ಹಾಗೆ. ಬ್ಯಾಂಕಿನಲ್ಲಿ ಇಂಥ ತಪ್ಪನ್ನು ನಾನು ಒಂದು ದಿನವೂ ಮಾಡಿದವನಲ್ಲ!

ಅಂದಿನಿಂದ ಕೋಚರ ಒಪ್ಪಿಗೆ ಪಡೆದು ಪದ್ಧತಿಯನ್ನೇ ಬದಲಿಸಿದೆ. ತಿಂಗಳಿಗೊಮ್ಮೆ ಪ್ರತಿಯೊಬ್ಬರೂ ೨೦೦ ಮೀಟರು ಕಾಲು ಬಡಿಯುತ್ತಾರೆ. ಅದರ ವೇಳೆಯನ್ನು ನಾಲ್ಕರಿಂದ ಭಾಗಿಸಿದರೆ ಅವರವರ ೫೦ ಮೀಟರಿನ ನಡೆ ಸಿಗುತ್ತದೆ. ಅದಕ್ಕೆ ಸುಮಾರು ೧೫ ಸೆಕೆಂಡು ಕೂಡಿಸಿದರೆ ಅವರು ಹೊರಡುವ ಹೊತ್ತು. ನಮ್ಮ ಹುಡುಗಿಯ ೨೦೦ ಮೀಟರು ೪ ನಿಮಿಷ ೫೬ ಸೆಕೆಂಡು. ಅಂದರೆ ೫೦ಕ್ಕೆ ೭೪. ಅವಳಿಗೆ ಒಂದೂವರೆ ನಿಮಿಷಕ್ಕೊಮ್ಮೆ ಕೊಟ್ಟೆ. ಹೊತ್ತಿನಂತೆ ಸಾಲುಗಳನ್ನು ಬೇರೆ ಮಾಡಿದ್ದರಿಂದ ಯಾರೂ ಯಾರನ್ನೂ ಕಾಯಬೇಕಾಗಲಿಲ್ಲ.

ಇದು ನಿಧಾನದ ಸೆಟ್. ಆದರೆ ನಿಧಾನವಾಗಿ ಬಡಿಯುವುದನ್ನೇ ಅಭ್ಯಾಸ ಮಾಡಿದರೆ ನಿಧಾನವೇ ರೂಢಿಯಾಗುತ್ತದೆ. ಆದ್ದರಿಂದ ವಾರದಲ್ಲಿ ಇನ್ನೊಂದು ದಿನ ಬರೀ ೨೫ ಮೀಟರು, ೧೨ ಸಲ, ಪ್ರಾಣವಿದ್ದಷ್ಟು ಜೋರಾಗಿ, ನಡುವೆ ೩೦ ಸೆಕೆಂಡು ಸುಧಾರಿಸಿಕೊಳ್ಳುವುದು. ಮೂರನೆಯ ದಿನದ್ದು ನನಗೆ ಎಲ್ಲಕ್ಕಿಂತ ಪ್ರಿಯ: ೨೫ ಮೀಟರು ಹಲಗೆಯ ಮೇಲೆ ಜೋರಾಗಿ ಬಡಿದು, ಹಲಗೆಯನ್ನು ಗೋಡೆಯ ಬಳಿ ಬಿಟ್ಟು, ಕೂಡಲೇ ೨೫ ಮೀಟರು ಪೂರ್ತಿ ಈಜುವುದು. ಏಕೆಂದರೆ ಹಲಗೆ ಹಿಡಿದಾಗ ಹುಲಿಯಂತೆ ಬಡಿಯುವ ಮಕ್ಕಳು ಅನೇಕರು ಕೈ ಬೀಸಲು ಹೊರಟೊಡನೆ ಕಾಲನ್ನು ಮರೆತೇಬಿಡುತ್ತಾರೆ. ಕಲಿತದ್ದು ಈಜಿಗೆ ಬರದಿದ್ದರೆ ಪೆಟ್ಟಿಗೆಯಲ್ಲಿಟ್ಟ ಒಡವೆಯಂತೆ.

ಹಲಗೆಯನ್ನೂ ಎಲ್ಲ ದಿನ ಕೊಡುವುದಿಲ್ಲ. ಅಂಗಾತ ಮಲಗಿ ಕೈಗಳನ್ನು ತಲೆಯಾಚೆ ಜೋಡಿಸಿ ಬಡಿದರೆ ಸೊಂಟ ತಾನಾಗಿ ಮೇಲೇಳುತ್ತದೆ, ಉಸಿರಿಗೂ ಸುಗಮ. ಮೊಣಕಾಲು ನೀರಿನ ಮೇಲೆ ಕಂಡರೆ ಸೈಕಲು ತುಳಿಯುತ್ತಿದ್ದಾರೆಂದು ತಿಳಿಯಬಹುದು. ಕಾಲು ಬಡಿಯಬೇಕಾದದ್ದು ತೊಡೆಯ ಬುಡದಿಂದ. ಚೆನ್ನಾಗಿ ಈಜಬಲ್ಲವರಿಗೆ ಆಳವಾದ ಕಡೆ ನೆಟ್ಟಗೆ ನಿಂತು ೨೦ ಸೆಕೆಂಡು ಕಾಲಿನಿಂದಲೇ ತೇಲುವ ಆಟ ಕೊಡುತ್ತೇನೆ. ಕೈಗಳನ್ನು ನೀರಿನ ಮೇಲೆ ಎತ್ತಿ ಹಿಡಿದರೆ ಇನ್ನೂ ಕಷ್ಟ, ಇನ್ನೂ ನಗು. ಎದೆಯೀಜಿನ ಕಾಲುಬಡಿತ ಮಾತ್ರ ಮಿತವಾಗಿ. ಮಂಡಿಯನ್ನು ಒಳಗಿನಿಂದ ತಿರುಚುವ ಆ ಬಡಿತ ಹೆಚ್ಚಾದರೆ ಮಂಡಿಯ ಒಳಬದಿ ನೋಯುತ್ತದೆ. ನೋವೆಂದರೆ ಅಂದಿಗೆ ಅದು ಬಂದ್. ದಂಡದ ೪೦೦ ಮೀಟರನ್ನಂತೂ ತೆಗೆದೇಹಾಕಿದೆ. ಶಿಕ್ಷೆಯಾಗಿ ಕೊಟ್ಟದ್ದನ್ನು ಯಾವ ಮಗು ಪ್ರೀತಿಯಿಂದ ಮಾಡೀತು?

ನಮ್ಮ ಹುಡುಗಿಯ ನಿಜವಾದ ತೊಂದರೆ ಸಿಕ್ಕಿದ್ದು ಹರಡಿನಲ್ಲಿ. ಪಾದವನ್ನು ನರ್ತಕಿಯಂತೆ ಹಿಂದಕ್ಕೆ ಚಾಚಲು ಬಂದರೆ ಅದು ಮೀನಿನ ಬಾಲ. ಬಾರದೆ ಕೊಕ್ಕೆಯಂತೆ ನಿಂತರೆ ಬಡಿದಷ್ಟೂ ದೇಹವನ್ನು ಹಿಂದಕ್ಕೇ ಜಗ್ಗುತ್ತದೆ. ಅವಳ ಹರಡು ಬಿಗಿಯಾಗಿತ್ತು. ಇದಕ್ಕೆ ಮದ್ದು ಮನೆಯಲ್ಲೇ ಇತ್ತು. ನನ್ನ ಮನೆಯವರು ದಿನವೂ ಊಟವಾದ ಮೇಲೆ ವಜ್ರಾಸನದಲ್ಲಿ ಕೂಡುವವರು. ಪಾದವನ್ನು ನೀಳವಾಗಿ ಚಾಚಿ ಹಿಮ್ಮಡಿಯ ಮೇಲೆ ಕೂಡುವ ಈ ಆಸನವೇ ಈಜುಗಾರರು ಹರಡು ಸಡಿಲಿಸಲು ಮಾಡುವ ವ್ಯಾಯಾಮವೂ ಹೌದು. ಅಜ್ಜಿ ಮೊಮ್ಮಗಳು ಎದುರುಬದುರು ಕುಳಿತು, ಮೊದಲು ಅರ್ಧ ನಿಮಿಷ, ಆಮೇಲೆ ಎರಡು ನಿಮಿಷ, ಮಂಡಿ ನೊಂದರೆ ಎದ್ದುಬಿಡುವುದು. "ನೀರಾಗ ಇಳೀಲಾರದ ಈಸು ಕಲಸ್ತೀನಿ ನೋಡ್ರಿ" ಎಂದು ಅಜ್ಜಿ ನನ್ನನ್ನು ಚುಚ್ಚಿದ್ದೂ ಆಯಿತು.

ನೀರಿಗೆ ಮತ್ತೆ ಬರಲು ಅವಳು ಒಪ್ಪಿದ್ದು ಸುಲಭವಾಗಿ ಅಲ್ಲ. ಎಂಟು ದಿನ ಮಾತಿಲ್ಲ. ಒಂಬತ್ತನೆಯ ದಿನ ನಾನು ಹಲಗೆಯೊಡನೆ ಪಟ್ಟ ಪಾಡನ್ನೆಲ್ಲ ಮರೆಮಾಚದೆ ಹೇಳಿ, "ತಪ್ಪು ನನ್ನ ಲೆಕ್ಕದಾಗ ಇತ್ತವ್ವಾ, ನಿನ್ನ ಕಾಲಾಗ ಅಲ್ಲ" ಎಂದೆ. ಎರಡು ಸಲಕ್ಕೇ ಮೀನಖಂಡ ಹಿಡಿಯಿತೆಂದು ಕೇಳಿ ನಕ್ಕಳು. ಮರುದಿನ ನಾನು ಏಳುವ ಮೊದಲೇ ಚೀಲ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಐದು ತಿಂಗಳ ಮೇಲೆ ಅವಳ ೨೦೦ ಮೀಟರು ೪ ನಿಮಿಷ ೨೪ ಸೆಕೆಂಡಿಗೆ ಇಳಿದಿತ್ತು. ಅದೇ ಸುಮಾರಿಗೆ ಒಂದು ಸ್ಪರ್ಧೆ, ೧೦೦ ಮೀಟರು ಫ್ರೀಸ್ಟೈಲ್, ಎಂಟು ಹುಡುಗಿಯರು. ೭೫ ಮೀಟರಿನ ತಿರುವಿನಲ್ಲಿ ಇವಳು ಏಳನೆಯವಳು. ಕೈಗಳು ಎಲ್ಲರವೂ ಸೋತಿದ್ದವು; ಇವಳವೂ ಸೋತಿದ್ದವು. ಆದರೆ ಕಡೆಯ ೧೫ ಮೀಟರಿನಲ್ಲಿ ಇವಳ ಹಿಂದೆ ನೀರು ಹಾಲು ಉಕ್ಕಿದಂತೆ ಉಕ್ಕತೊಡಗಿತು. ಇಬ್ಬರನ್ನು ದಾಟಿ ಐದನೆಯವಳಾದಳು. ಐದನೆಯವರಿಗೆ ಪದಕವಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳು ಗೋಡೆ ಹಿಡಿದು ಗಾಗಲ್ಸ್ ಮೇಲೆತ್ತಿ ಜನರ ನಡುವೆ ನನ್ನನ್ನು ಹುಡುಕಿ ಕೂಗಿದಳು: "ಅಜ್ಜಾ, ಕಾಲ ಇದ್ವು!"

ಈಗಲೂ ಪ್ರತಿ ಭಾನುವಾರ ರಾತ್ರಿ ನಾನು ವಾರದ ಸೆಟ್ಟುಗಳನ್ನು ಬರೆಯುತ್ತೇನೆ. ಪ್ರತಿಯೊಂದು ಹೆಸರಿನ ಮುಂದೆ ಅವರವರ ಹೊತ್ತು. ಹೋದ ವಾರ ಪುಸ್ತಕ ತೆರೆದಾಗ ಕಡೆಯಲ್ಲಿ ಬೇರೆ ಕೈಬರಹದ ಒಂದು ಸಾಲು ಸೇರಿಕೊಂಡಿತ್ತು: "ಅಜ್ಜ. ೨೫ ಮೀಟರು, ೪ ಸಲ. ವಿಶ್ರಾಂತಿ: ಬೇಕಾದಷ್ಟು." ಸೋಮವಾರ ಅದನ್ನು ಪೂರ್ತಿ ಮಾಡಿದೆನೆಂದು ವಾಚಕರಿಗೆ ತಿಳಿಸಲು ಸಂತೋಷವಾಗುತ್ತದೆ.